ಲಾಗ್ ಸರ್ವಿಸ್ ಪದೇ ಪದೇ ಬೀಳ್ತಿದೆ, ರ‍್ಯಾಮ್ ಮಾತ್ರ ಬೇಕಾದಷ್ಟಿದೆ

ಪ್ರಶ್ನೆ: ಸರ್ವರ್‌ಗಳ ಲಾಗ್ ಒಟ್ಟು ಮಾಡಲು ಸಿ ಭಾಷೆಯಲ್ಲಿ ಒಂದು ಸರ್ವಿಸ್ ಬರೆದುಕೊಂಡಿದ್ದೇವೆ. ಲಾಗ್ ಕಳಿಸಿದ ಪ್ರೋಸೆಸ್ಸಿನ ಕಮಾಂಡ್ ಲೈನನ್ನೂ ಪ್ರತಿ ಸಾಲಿಗೆ ಸೇರಿಸುತ್ತೇವೆ. ವಾರಕ್ಕೊಮ್ಮೆ ಸೆಗ್‌ಫಾಲ್ಟ್ (ಮುಟ್ಟಬಾರದ ಮೆಮೊರಿ ಮುಟ್ಟಿ ಪ್ರೋಗ್ರಾಂ ಬೀಳುವುದು). ಕೋರ್ ಡಂಪ್‌ನಲ್ಲಿ (ಬಿದ್ದ ಕ್ಷಣದ ಮೆಮೊರಿಯ ಪ್ರತಿ) ನೋಡಿದರೆ ಮೆಮ್‌ಕಾಪಿ (ಮೆಮೊರಿ ನಕಲು ಮಾಡುವ ಫಂಕ್ಷನ್) ಕರೆಯುವ ಸಾಲಿನಲ್ಲಿ ನಿಂತಿರುತ್ತದೆ. 16 ಜಿಬಿಯಲ್ಲಿ ಅರ್ಧ ಖಾಲಿ. ಲೀಕ್ (ಬಳಸಿದ ಮೆಮೊರಿ ವಾಪಸ್ ಬಿಡದಿರುವುದು) ಕೂಡ ಇಲ್ಲ. ಎಲ್ಲಿ ಹುಡುಕಲಿ?

ಉತ್ತರ: ಕಮಾಂಡ್ ಲೈನಿಗೆ ಜಾಗ ತೆಗೆದುಕೊಂಡಿರುವುದು ಅಲೋಕಾದಿಂದ ಅಲ್ವಾ? ಹಾಗಿದ್ದರೆ ಮೆಮ್‌ಕಾಪಿಯನ್ನು ಬಿಟ್ಟುಬಿಡಿ, ಪಾಪ ಅದರ ತಪ್ಪಿಲ್ಲ. ಅಲೋಕಾ ಜಾಗ ಕೊಡುವುದು ಸ್ಟ್ಯಾಕ್‌ನಲ್ಲಿ, ಅಂದರೆ ಫಂಕ್ಷನ್‌ಗಳ ತಾತ್ಕಾಲಿಕ ಮೆಮೊರಿಯಲ್ಲಿ. ಲಿನಕ್ಸ್‌ನಲ್ಲಿ ಅದರ ಮಿತಿ ಸಾಮಾನ್ಯವಾಗಿ 8 ಎಂಬಿ, ರ‍್ಯಾಮ್ ಎಷ್ಟೇ ಇರಲಿ. ಸ್ಟ್ಯಾಕ್ ಹೊರಗೆ ಜಾಗ ಕೊಡುವ ಮ್ಯಾಲಕ್ ಆದರೆ ನಲ್ (ಖಾಲಿ ಪಾಯಿಂಟರ್) ಕೊಟ್ಟು "ಆಗಲ್ಲ" ಅನ್ನಬಹುದು. ಅಲೋಕಾ ಸುಮ್ನೆ ಸ್ಟ್ಯಾಕ್ ಪಾಯಿಂಟರನ್ನು ಕೆಳಗೆ ಸರಿಸುತ್ತದೆ, ಕೆಳಗೆ ನೆಲ ಇದೆಯಾ ಅಂತ ನೋಡುವುದೇ ಇಲ್ಲ. ಮುಂದಿನ ಫಂಕ್ಷನ್ ಕರೆದಾಗ ರಿಟರ್ನ್ ಅಡ್ರೆಸ್ ಬರೆಯಲು ಹೋಗಿ ಬೀಳುತ್ತದೆ.

ಲಿನಕ್ಸ್‌ನಲ್ಲಿ ಸರ್ವಿಸ್‌ಗಳನ್ನು ನಡೆಸುವ ಸಿಸ್ಟಮ್‌ಡಿಯ ಲಾಗ್ ಸರ್ವಿಸ್ ಆದ ಜರ್ನಲ್‌ಡಿಯಲ್ಲೂ ಇದೇ ಕಥೆ. ಕಮಾಂಡ್ ಲೈನನ್ನು ಅಲೋಕಾಗೆ ಕೊಡುವ ಕೋಡ್ 2013ರಲ್ಲಿ ಸೇರಿತ್ತು. 2019ರ ಜನವರಿಯಲ್ಲಿ ಭದ್ರತಾ ಕಂಪನಿ ಕ್ವಾಲಿಸ್‌ನವರು ಅದನ್ನೂ ಜೊತೆಗೆ ಇನ್ನೆರಡು ತಪ್ಪನ್ನೂ ಬಯಲಿಗೆ ತಂದರು. ಆ ಎರಡನ್ನು ಸೇರಿಸಿ ಸಾಮಾನ್ಯ ಯೂಸರ್ ಒಬ್ಬ ರೂಟ್ (ಪೂರ್ಣ ಅಧಿಕಾರವಿರುವ ಯೂಸರ್) ಆಗಬಹುದಿತ್ತು. 64 ಬಿಟ್ ಯಂತ್ರದಲ್ಲಿ ಸರಾಸರಿ 70 ನಿಮಿಷ! ಲಿನಕ್ಸ್‌ನ ಫೆಡೋರಾ 28, 29 ಆವೃತ್ತಿಗಳು ಬಚಾವಾದವು. ಅವನ್ನು, ಸ್ಟ್ಯಾಕ್ ಬೇರೆ ಮೆಮೊರಿಯೊಳಗೆ ನುಗ್ಗದಂತೆ ತಡೆಯುವ ಸ್ಟ್ಯಾಕ್ ಕ್ಲ್ಯಾಶ್ ಪ್ರೊಟೆಕ್ಷನ್ ಫ್ಲ್ಯಾಗ್ ಹಾಕಿ ಕಂಪೈಲ್ ಮಾಡಿದ್ದರು. ನೀವೂ ಹಾಕಿ. ಆದರೆ ಅದು ದಾಳಿ ತಡೆಯುತ್ತದೆ ಅಷ್ಟೇ, ಸರ್ವಿಸ್ ಬೀಳುವುದು ತಪ್ಪುವುದಿಲ್ಲ.

ಪ್ರಶ್ನೆ ಕೇಳಿದವರು: ಅಲೋಕಾನೇ. ಆದರೆ ನಮ್ಮ ಅತಿ ಉದ್ದದ ಕಮಾಂಡ್ ಲೈನೇ 90 ಕೆಬಿ. 8 ಎಂಬಿ ಎಲ್ಲಿ, ಇದೆಲ್ಲಿ?

ಉತ್ತರ: ಲೂಪ್ ಒಳಗೆ ಕರೀತಿದ್ದೀರಾ? ಬ್ರೇಸ್ ಮುಚ್ಚಿದರೂ ಅಲೋಕಾದ ಜಾಗ ವಾಪಸ್ ಬರುವುದಿಲ್ಲ. ಫಂಕ್ಷನ್ ಮುಗಿದ ಮೇಲೇ ಬರುವುದು. ಒಂದೇ ಬ್ಯಾಚ್‌ನಲ್ಲಿ ಅಂಥ 100 ಮೆಸೇಜ್ ಬಂದರೆ 9 ಎಂಬಿ ಆಯ್ತು.

ಪ್ರಶ್ನೆ ಕೇಳಿದವರು: ಅಯ್ಯೋ, ಲೂಪ್ ಒಳಗೇ ಇದೆ! ಭಾನುವಾರ ರಾತ್ರಿಯ ಬ್ಯಾಕಪ್ ಸ್ಕ್ರಿಪ್ಟ್ ಸಾವಿರಾರು ಫೈಲ್ ಹೆಸರನ್ನು ಆರ್ಗ್ಯುಮೆಂಟ್ ಆಗಿ ಕೊಡುತ್ತದೆ. ಅದಕ್ಕೇ ವಾರಕ್ಕೊಮ್ಮೆ. ಮ್ಯಾಲಕ್‌ಗೆ ಬದಲಾಯಿಸಿದೆ, ಉದ್ದಕ್ಕೆ 4 ಕೆಬಿ ಮಿತಿ ಹಾಕಿದೆ.

ಉತ್ತರ: ಸರಿ. ಎರರ್ ಬಂದು ಮಧ್ಯದಲ್ಲೇ ಹೊರಬರುವ ಕಡೆಯೂ ಫ್ರೀ ಮಾಡಿದ್ದೀರಾ (ಮ್ಯಾಲಕ್ ಜಾಗ ಬಿಟ್ಟುಕೊಟ್ಟಿದ್ದೀರಾ) ನೋಡಿಕೊಳ್ಳಿ. ಜರ್ನಲ್‌ಡಿಯ ಆ ತಿದ್ದುಪಡಿಯನ್ನು ಲಿನಕ್ಸ್ ಕಂಪನಿ ರೆಡ್ ಹ್ಯಾಟ್ ತನ್ನ ಹಳೆಯ ಆವೃತ್ತಿಗೆ ತಂದಾಗ, ಅದೇ ಕಮಾಂಡ್ ಲೈನಿನ ಮೆಮೊರಿ ಫ್ರೀ ಮಾಡುವುದು ಬಿಟ್ಟುಹೋಗಿ ಲೀಕ್ ಆಗಿತ್ತು.