ಪಾಯಿಂಟರ್ ಕಲಿಯೋಕೆ ಸ್ಟ್ರಿಂಗ್ ಫಂಕ್ಷನ್‌ಗಳನ್ನ ನಾನೇ ಬರೀತಿದೀನಿ, ಸ್ಟ್ರ್‌ಕಾಪಿ ಖಾಲಿ ವಾಪಸ್ ಕೊಡ್ತಿದೆ

ಪ್ರಶ್ನೆ:
ಸಿ ಪ್ರೋಗ್ರಾಮಿಂಗ್ ಭಾಷೆ ಕಲಿಯೋಕೆ ಶುರು ಮಾಡಿ ಮೂರು ತಿಂಗ್ಳಾಯ್ತು. ಲೂಪು, ಅರೇ ಎಲ್ಲ ಬರುತ್ತೆ, ಪಾಯಿಂಟರ್ (ಮೆಮೊರಿ ಅಡ್ರೆಸ್ ಇಟ್ಕೊಳ್ಳೋ ವೇರಿಯಬಲ್) ಮಾತ್ರ ಓದುವಾಗ ಅರ್ಥ ಆದಂಗೆ ಇರುತ್ತೆ, ಬರೆಯೋಕೆ ಕೂತ್ರೆ ಕೈ ಓಡಲ್ಲ. ಅದಕ್ಕೆ ಸ್ಟ್ರಿಂಗ್ (ಅಕ್ಷರಗಳ ಸಾಲು) ಫಂಕ್ಷನ್‌ಗಳನ್ನ ಒಂದೊಂದಾಗಿ ನಾನೇ ಬರೀತಿದೀನಿ, ಫಂಕ್ಷನ್ ಒಳಗೆ ಚೌಕ ಬ್ರಾಕೆಟ್ ಮುಟ್ಟಬಾರ್ದು ಬರೀ ಪಾಯಿಂಟರ್ ಅಂತ ರೂಲ್ ಹಾಕ್ಕೊಂಡಿದೀನಿ. ಉದ್ದ ಎಣಿಸೋ ಸ್ಟ್ರ್‌ಲೆನ್ ಸರಿ ಬಂತು. ಸ್ಟ್ರಿಂಗ್ ಕಾಪಿ ಮಾಡೋ ಸ್ಟ್ರ್‌ಕಾಪಿಲಿ ಸಿಕ್ಕಾಕ್ಕೊಂಡೆ. ಒಳಗಿರೋದು ಇಷ್ಟೇ:

ವೈಲ್ (*ಗುರಿ++ = *ಮೂಲ++) ;
ರಿಟರ್ನ್ ಗುರಿ;

ವಾಪಸ್ ಬಂದಿದ್ದನ್ನ ಪ್ರಿಂಟ್ ಮಾಡಿದ್ರೆ ಒಂದ್ಸಲ ಖಾಲಿ ಒಂದ್ಸಲ ಏನೋ ಕಸ, ಆದ್ರೆ ಮೇನ್‌ನಲ್ಲಿರೋ ಅರೇನ ಪ್ರಿಂಟ್ ಮಾಡಿದ್ರೆ ಕಾಪಿ ಸರಿಯಾಗೇ ಆಗಿದೆ! ಎರಡೂ ಒಂದೇ ಜಾಗ ಅಲ್ವಾ? ಇನ್ನೊಂದು, ಒಂದು ಸ್ಟ್ರಿಂಗ್ ಕೊನೆಗೆ ಇನ್ನೊಂದನ್ನ ಸೇರಿಸೋ ಸ್ಟ್ರ್‌ಕ್ಯಾಟ್ ಬರೆದು ಕ್ಯಾರ್ *ಪದ = "ಶುಭ" ಅಂತ ಇಟ್ಟು ಅದಕ್ಕೆ "ದಿನ" ಸೇರಿಸೋಕೆ ಹೋದ್ರೆ ಸೆಗ್ಮೆಂಟೇಶನ್ ಫಾಲ್ಟ್ (ಮುಟ್ಟಬಾರದ ಮೆಮೊರಿ ಮುಟ್ಟಿ ಪ್ರೋಗ್ರಾಮ್ ನಿಂತುಹೋಗೋದು). ಗೊತ್ತಿರೋರು ಸ್ವಲ್ಪ ಬಿಡಿಸಿ ಹೇಳಿ.

ಉತ್ತರ 1:
ಒಂದೇ ಜಾಗದಿಂದ ಶುರುವಾಗಿದ್ದು ನಿಜ, ಆದ್ರೆ ರಿಟರ್ನ್ ಮಾಡೋ ಹೊತ್ತಿಗೆ ನಿಮ್ಮ ಗುರಿ ಅಲ್ಲಿಲ್ಲ. ಒಂದು ಹಾಳೆ ತಗೊಂಡು ಡಬ್ಬಿ ಡಬ್ಬಿ ಬರೀರಿ. ಅರೇ 100ನೇ ಅಡ್ರೆಸ್‌ನಿಂದ ಶುರು ಅಂದ್ಕೊಳ್ಳಿ, ಮೂರಕ್ಷರದ ಇಂಗ್ಲಿಷ್ ಪದ ಕಾಪಿ ಮಾಡ್ತಿದೀರ, ಅಕ್ಷರಗಳು 100, 101, 102ರಲ್ಲಿ ಕೂತ್ವು, ಸ್ಟ್ರಿಂಗ್ ಮುಗೀತು ಅನ್ನೋ ಕೊನೇ ಸೊನ್ನೆ 103ರಲ್ಲಿ. ಆ ಸೊನ್ನೆ ಬರೆದ ಮೇಲೇನೆ ಲೂಪ್ ನಿಲ್ಲೋದು, ಆದ್ರೆ ಅಷ್ಟರಲ್ಲಿ ++ ಕೂಡ ಆಗೋಗಿರುತ್ತೆ, ಅಂದ್ರೆ ಗುರಿ ಈಗ 104. ನೀವು ವಾಪಸ್ ಕೊಟ್ಟಿದ್ದು ಅದನ್ನ. ಅಲ್ಲಿ ಸೊನ್ನೆ ಇದ್ರೆ ಖಾಲಿ ಕಾಣುತ್ತೆ, ಬೇರೆ ಏನಾದ್ರೂ ಇದ್ರೆ ಕಸ.

ಮೇನ್‌ನಲ್ಲಿರೋ ಅರೇ ಯಾಕೆ ಹಾಳಾಗ್ಲಿಲ್ಲ ಅಂದ್ರೆ ಫಂಕ್ಷನ್‌ಗೆ ಹೋಗಿದ್ದು ಅಡ್ರೆಸ್‌ನ ಒಂದು ನಕಲು, ನೀವು ಮುಂದೆ ತಳ್ಳಿದ್ದು ಆ ನಕಲನ್ನ. ಪಾಯಿಂಟರ್ ಬೇರೆ ಪಾಯಿಂಟರ್ ತೋರ್ಸೋ ಜಾಗ ಬೇರೆ ಅನ್ನೋದು ಇಲ್ಲೇ ಗೊತ್ತಾಗೋದು, ನನಗೆ ಗೊತ್ತಾಗಿದ್ದೂ ಇದೇ ಫಂಕ್ಷನ್ ಬರೀವಾಗ. ಲೂಪ್‌ಗೆ ಮುಂಚೆ ಕ್ಯಾರ್ *ಮೊದಲು = ಗುರಿ ಅಂತ ಎತ್ತಿಟ್ಕೊಂಡು ಕೊನೆಗೆ ಅದನ್ನ ರಿಟರ್ನ್ ಮಾಡಿ, ಲೈಬ್ರರಿ ಸ್ಟ್ರ್‌ಕಾಪಿ ಕೊಡೋದೂ ಶುರುವಿನ ಅಡ್ರೆಸ್ಸೇ.

ಇದಾದ್ಮೇಲೆ *ಪಿ++ ಗೂ (*ಪಿ)++ ಗೂ ಏನು ವ್ಯತ್ಯಾಸ ಅಂತ ಬರೆದು ನೋಡಿ. ಮೊದಲನೇದ್ರಲ್ಲಿ ಪಾಯಿಂಟರ್ ಮುಂದಕ್ಕೆ ಹೋಗುತ್ತೆ, ಎರಡನೇದ್ರಲ್ಲಿ ಡಬ್ಬಿ ಒಳಗಿರೋ ಬೆಲೆ ಒಂದು ಹೆಚ್ಚಾಗುತ್ತೆ.

ಉತ್ತರ 2:
ಸ್ಟ್ರ್‌ಕ್ಯಾಟ್ ವಿಷಯಕ್ಕೆ ಬರ್ತೀನಿ, ಅಲ್ಲಿ ನಿಮ್ಮ ಫಂಕ್ಷನ್ ಸರಿಯಾಗೇ ಇರಬಹುದು, ಕರೆದ ರೀತಿ ತಪ್ಪು. ಕ್ಯಾರ್ *ಪದ = "ಶುಭ" ಅಂದಾಗ ಪದ ಅನ್ನೋದು ಸ್ಟ್ರಿಂಗ್ ಲಿಟರಲ್ (ಕೋಡ್‌ನಲ್ಲಿ ಕೋಟ್ ಒಳಗೆ ನೇರವಾಗಿ ಬರೆದ ಪಠ್ಯ) ಕಡೆ ಬೆರಳು ತೋರಿಸುತ್ತೆ ಅಷ್ಟೇ, ಅದನ್ನ ಸಾಮಾನ್ಯವಾಗಿ ಬರೆಯೋಕೆ ಬಿಡದ ಮೆಮೊರಿಲಿ ಇಟ್ಟಿರ್ತಾರೆ, ತಿದ್ದಿದ್ರೆ ಏನಾಗುತ್ತೆ ಅಂತ ಸಿ ಸ್ಟ್ಯಾಂಡರ್ಡ್ ಯಾವ ಗ್ಯಾರಂಟಿನೂ ಕೊಡಲ್ಲ. ಬರೆಯೋಕೆ ಬಿಟ್ರೂ "ದಿನ" ಕೂರೋಕೆ ಜಾಗ ಎಲ್ಲಿದೆ? ಕ್ಯಾರ್ ಪದ[50] = "ಶುಭ" ಅಂತ ಮಾಡಿ, ಆಗ ಅದು ನಿಮ್ಮದೇ ಜಾಗ, 50 ಬೈಟ್ ಪೂರ್ತಿ. ಮೆಮೊರಿ ಕೇಳಿ ತಗೊಳ್ಳೋ ಮಾಲಾಕ್ ಫಂಕ್ಷನ್‌ನಿಂದ ತಗೊಂಡ್ರೆ ಉದ್ದದ ಮೇಲೆ ಒಂದು ಜಾಸ್ತಿ ಕೇಳೋದು ಮರೀಬೇಡಿ, ಕೊನೇ ಸೊನ್ನೆಗೆ.

ಫಂಕ್ಷನ್ ಒಳಗೆ ಸೈಜ್‌ಆಫ್ (ಎಷ್ಟು ಬೈಟ್ ಅಂತ ಹೇಳೋದು) ಹಾಕಿ ಅರೇ ಎಷ್ಟು ದೊಡ್ಡದು ಅಂತ ತಿಳ್ಕೊಳ್ಳೋಕೂ ಹೋಗ್ಬೇಡಿ, 64 ಬಿಟ್ ಮೆಷಿನ್‌ನಲ್ಲಿ 8 ಅಂತ ಬರುತ್ತೆ, ಅದು ಪಾಯಿಂಟರ್‌ನ ಸೈಜು.

ಜಿಸಿಸಿ ಅಥವಾ ಕ್ಲ್ಯಾಂಗ್ ಕಂಪೈಲರ್ ಬಳಸ್ತಿದ್ರೆ ಅಡ್ರೆಸ್ ಸ್ಯಾನಿಟೈಸರ್ (ಮೆಮೊರಿ ತಪ್ಪು ಹಿಡಿಯೋ ಸೌಲಭ್ಯ) ಆನ್ ಮಾಡ್ಕೊಂಡೇ ಪ್ರಾಕ್ಟೀಸ್ ಮಾಡಿ ದಯವಿಟ್ಟು. ಅರೇ ದಾಟಿ ಒಂದು ಬೈಟ್ ಆಚೆ ಬರೆದ್ರೂ ಪ್ರೋಗ್ರಾಮ್ ನಿಲ್ಲಿಸಿ ಯಾವ ಲೈನ್ ಅಂತ ತೋರಿಸುತ್ತೆ, ಇಲ್ದಿದ್ರೆ ತಪ್ಪು ಕೋಡೇ ಸರಿ ಉತ್ತರ ಕೊಟ್ಟು ನೀವು ಮುಂದಕ್ಕೆ ಹೋಗ್ಬಿಡ್ತೀರ.

ಪ್ರಶ್ನೆ ಕೇಳಿದವರು:
ತುಂಬಾ ಥ್ಯಾಂಕ್ಸ್ ಇಬ್ಬರಿಗೂ, ಡಬ್ಬಿ ಬರೆದ ತಕ್ಷಣ 104 ಕಣ್ಣಿಗೆ ಬಿತ್ತು, ಎರಡೂ ಸರಿಯಾಯ್ತು. ಈಗ ಹೊಸ ತಲೆನೋವು, ನಾನು ಬರೆದ ಸ್ಟ್ರ್‌ಲೆನ್‌ಗೆ "ಕನ್ನಡ" ಕೊಟ್ರೆ 15 ಅನ್ನುತ್ತೆ. ಲೈಬ್ರರಿದೂ 15. ಇರೋದು ಮೂರಕ್ಷರ!

ಉತ್ತರ 3:
15 ಸರಿಯಾದ ಉತ್ತರ, ಯಾಕಂದ್ರೆ ಸ್ಟ್ರ್‌ಲೆನ್ ಎಣಿಸೋದು ಬೈಟ್, ಅಕ್ಷರ ಅಲ್ಲ. ನಿಮ್ಮ ಫೈಲ್ ಯುಟಿಎಫ್-8 (ಅಕ್ಷರಗಳನ್ನ ಬೈಟ್ ಆಗಿ ಬರೆಯೋ ವಿಧಾನ) ನಲ್ಲಿರುತ್ತೆ, ಅದ್ರಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟ್. ಕ, ನ, ಹಲಂತ್ (ಅಕ್ಷರದೊಳಗಿನ ಅ ತೆಗೆಯೋ ಚಿಹ್ನೆ), ಆಮೇಲೆ ಇನ್ನೊಂದು ನ, ಡ, ಒಟ್ಟು ಐದು ಚಿಹ್ನೆ, ಐದು ಮೂರ್ಲಿ ಹದಿನೈದು. ನಾವು ಕಾಣೋ ಒತ್ತಕ್ಷರ ಕಂಪ್ಯೂಟರ್‌ಗೆ ನ, ಹಲಂತ್, ನ.

ಇದನ್ನೇ ಪ್ರಾಕ್ಟೀಸ್‌ಗೆ ತಗೊಳ್ಳಿ, ಚೆನ್ನಾಗಿರುತ್ತೆ. ಪ್ರತಿ ಬೈಟನ್ನೂ ಅನ್‌ಸೈನ್ಡ್ ಕ್ಯಾರ್ (ಮೈನಸ್ ಇಲ್ಲದ ಬೈಟ್) ಆಗಿ ಓದಿ, 128ರಿಂದ 191ರ ಒಳಗಿದ್ರೆ ಅದು ಹಿಂದಿನ ಚಿಹ್ನೆಯ ಬಾಲ, ಅದನ್ನ ಬಿಟ್ಟು ಉಳಿದಿದ್ದನ್ನ ಎಣಿಸಿದ್ರೆ 5 ಬರುತ್ತೆ. 3 ಬರಿಸೋಕೆ ಹಲಂತ್, ಸ್ವರ ಚಿಹ್ನೆ ಎಲ್ಲ ನೋಡ್ಬೇಕು, ಅದು ಆಮೇಲೆ.

ಅನ್‌ಸೈನ್ಡ್ ಅಂತ ಸುಮ್ನೆ ಹೇಳಿಲ್ಲ. ಮುಂದೆ ಎರಡು ಸ್ಟ್ರಿಂಗ್ ಹೋಲಿಸೋ ಸ್ಟ್ರ್‌ಕಂಪ್ ಬರೀತೀರಲ್ಲ, ಎರಡು ಕ್ಯಾರ್ ನೇರವಾಗಿ ಕಳೆದು ಉತ್ತರ ಕೊಟ್ರೆ ಇಂಗ್ಲಿಷ್ ಪದಗಳಿಗೆಲ್ಲ ಸರಿ ಬರುತ್ತೆ. ಆದ್ರೆ "ಅ" ದ ಮೊದಲ ಬೈಟ್ 224, ಕ್ಯಾರ್ ಸೈನ್ಡ್ ಆಗಿರೋ ಮೆಷಿನ್‌ನಲ್ಲಿ ಅದು -32 ಆಗಿ ಕಾಣುತ್ತೆ, 122 ಇರೋ ಇಂಗ್ಲಿಷಿನ ಸಣ್ಣ ಝಡ್‌ಗಿಂತ ಚಿಕ್ಕದು ಅಂತ ಉತ್ತರ ಬಂದ್ಬಿಡುತ್ತೆ. ಲೈಬ್ರರಿ ಫಂಕ್ಷನ್ ಅನ್‌ಸೈನ್ಡ್ ಆಗೇ ಹೋಲಿಸೋದು. ಬರೆದ ಮೇಲೆ ನಿಮ್ಮದಕ್ಕೂ ಲೈಬ್ರರಿದಕ್ಕೂ ಈ ಜೋಡಿ ಕೊಟ್ಟು ಪ್ಲಸ್ಸಾ ಮೈನಸ್ಸಾ ನೋಡಿ, ಕೋಡ್ ಇಲ್ಲಿ ಹಾಕಿ.