ವರ್ಷವಿಡೀ ಗಟ್ಟಿಯಾಗಿದ್ದವರು ಮಾರ್ಚ್‌ನಲ್ಲಿ ಯಾಕೆ ಕುಸಿಯುತ್ತಾರೆ? ಡಾಮಿನೆಂಟ್, ಇನ್‌ಫೀರಿಯರ್ ಫಂಕ್ಷನ್ ಬಗ್ಗೆ ಪ್ರಶ್ನೋತ್ತರ

ಪ್ರಶ್ನೆ (ಅಕೌಂಟ್ಸ್ ವಿಭಾಗದಲ್ಲಿರುವ ಸದಸ್ಯರು):

ಮೇಡಂ, ನಮಸ್ಕಾರ. ಆಫೀಸಿನ ಟ್ರೈನಿಂಗ್‌ನಲ್ಲಿ ಎಂಬಿಟಿಐ ಮಾಡಿಸಿದರು, ಸ್ವಭಾವವನ್ನು ನಾಲ್ಕು ಅಕ್ಷರದಲ್ಲಿ ಹೇಳುವ ಪ್ರಶ್ನಾವಳಿ. ನನಗೆ ಬಂದಿದ್ದು ಐಎಸ್‌ಟಿಜೆ. ವಿವರಣೆ ಓದಿದರೆ ಅಚ್ಚು ನಾನೇ. ಮೂರು ವರ್ಷದ ಹಿಂದಿನ ವೋಚರ್ ಕೇಳಿದರೂ ಯಾವ ಫೈಲಿನಲ್ಲಿದೆ ಅಂತ ಕೂತಲ್ಲೇ ಹೇಳುತ್ತೇನೆ. ಆದರೆ ಮಾರ್ಚ್ ಕೊನೆ ಬಂತು ಅಂದರೆ ಬೇರೆ ಮನುಷ್ಯನಾಗುತ್ತೇನೆ. ಈ ಸಲ ಬ್ಯಾಂಕ್ ಸ್ಟೇಟ್‌ಮೆಂಟಿಗೂ ನಮ್ಮ ಲೆಕ್ಕಕ್ಕೂ 354 ರೂಪಾಯಿ ತಾಳೆಯಾಗಲಿಲ್ಲ. ಅಷ್ಟಕ್ಕೇ ರಾತ್ರಿ ಎರಡು ಗಂಟೆಗೆ ಎದ್ದು ಕೂತೆ. ಆಡಿಟರ್ ಹಿಡಿಯುತ್ತಾರೆ, ಕೆಲಸ ಹೋಗುತ್ತದೆ, ಹೋಮ್ ಲೋನ್ ಕಂತು ನಿಲ್ಲುತ್ತದೆ, ಮಗಳ ಸ್ಕೂಲು ಬಿಡಿಸಬೇಕಾಗುತ್ತದೆ. ಹೀಗೆ ಸರಮಾಲೆ. ಹೆಂಡತಿ "ಏನ್ರೀ ಇದು, ನೀವೇನಾ ಮಾತಾಡ್ತಿರೋದು" ಅಂದಳು. ಬೆಳಿಗ್ಗೆ ನೋಡಿದರೆ ಬ್ಯಾಂಕಿನವರು 300 ರೂಪಾಯಿ ಚಾರ್ಜು, ಅದರ ಮೇಲೆ ಜಿಎಸ್‌ಟಿ 54 ಹಿಡಿದಿದ್ದರು. ಇದು ನಿಮ್ಮ ಇನ್‌ಫೀರಿಯರ್ ಫಂಕ್ಷನ್ ಅಂತ ಈ ಗುಂಪಿನಲ್ಲಿ ಯಾರೋ ಹೇಳಿದರು. ಏನದು?

ಉತ್ತರ (ಆಪ್ತಸಮಾಲೋಚಕಿ):

ನಮಸ್ಕಾರ ಸರ್. ಮೊದಲು ಸ್ವಲ್ಪ ಹಿನ್ನೆಲೆ ಹೇಳಿ ನಿಮ್ಮ 354 ರೂಪಾಯಿಗೆ ಬರುತ್ತೇನೆ.

ಈ ಮಾತೆಲ್ಲ ಶುರುವಾಗಿದ್ದು ಸ್ವಿಸ್ ಮನೋವೈದ್ಯ ಕಾರ್ಲ್ ಯುಂಗ್ ಅವರಿಂದ. ಅವರ ಹಾಗೆಯೇ ಮನಸ್ಸಿನ ಬಗ್ಗೆ ಕೆಲಸ ಮಾಡಿದ ಫ್ರಾಯ್ಡ್ ಮತ್ತು ಆಡ್ಲರ್ ಇಬ್ಬರೂ ಬುದ್ಧಿವಂತರೇ, ಆದರೂ ಮನುಷ್ಯನನ್ನು ಇಷ್ಟು ಬೇರೆ ಬೇರೆ ಥರ ಯಾಕೆ ನೋಡುತ್ತಾರೆ ಅನ್ನೋದು ಯುಂಗ್ ಅವರನ್ನು ಕಾಡಿತ್ತು. 1921ರಲ್ಲಿ ಬಂದ ಅವರ 'ಸೈಕಲಾಜಿಕಲ್ ಟೈಪ್ಸ್' ಪುಸ್ತಕದ ಹಿಂದೆ ಈ ಪ್ರಶ್ನೆಯೂ ಇತ್ತು. ಅದರ ಪ್ರಕಾರ ಮನಸ್ಸಿಗೆ ನಾಲ್ಕು ಕೆಲಸ, ಅಂದರೆ ಫಂಕ್ಷನ್. ಎದುರಿಗೆ ಏನೋ ಇದೆ ಅಂತ ತಿಳಿಸುವುದು ಸೆನ್ಸಿಂಗ್. ಅದು ಏನು ಅಂತ ಹೇಳುವುದು ಥಿಂಕಿಂಗ್. ಅದು ನನಗೆ ಬೇಕಾ ಬೇಡವಾ ಅಂತ ತೂಗುವುದು ಫೀಲಿಂಗ್. ಅದು ಎಲ್ಲಿಂದ ಬಂತು, ಮುಂದೆ ಏನಾಗಬಹುದು ಅಂತ ಊಹಿಸುವುದು ಇಂಟ್ಯೂಷನ್.

ಥಿಂಕಿಂಗ್‌ಗೆ ಎದುರು ಫೀಲಿಂಗ್. ಸೆನ್ಸಿಂಗ್‌ಗೆ ಎದುರು ಇಂಟ್ಯೂಷನ್. ಒಂದು ಜೋಡಿಯ ಎರಡನ್ನೂ ಒಂದೇ ಗಳಿಗೆಯಲ್ಲಿ ನಡೆಸಲು ಆಗುವುದಿಲ್ಲ. ಕೈಯಲ್ಲಿರುವ ಬಿಲ್ಲಿನ ಅಂಕಿಗಳ ಮೇಲೆ ಕಣ್ಣು ನೆಟ್ಟಿದ್ದಾಗ, ಮುಂದಿನ ವರ್ಷ ಈ ಕಂಪನಿ ಎತ್ತ ಹೋಗಬಹುದು ಅನ್ನೋದು ಕಾಣುವುದಿಲ್ಲ, ಅಲ್ವಾ? ಚಿಕ್ಕಂದಿನಿಂದ ಯಾವುದು ಸಲೀಸಾಗಿ ಬಂತೋ ಅದನ್ನೇ ಬಳಸುತ್ತಾ ಹೋಗುತ್ತೇವೆ. ಅದು ಡಾಮಿನೆಂಟ್. ಅದು ಪಳಗಿದಷ್ಟೂ ಅದರ ಜೋಡಿ ಪಳಗದೆ ಉಳಿಯುತ್ತದೆ. ಅದು ಇನ್‌ಫೀರಿಯರ್. ಹಾಗಾಗಿ ಇದು ಬಿಡಿಯಾಗಿ ಬಂದ ದೌರ್ಬಲ್ಯ ಅಲ್ಲ. ನಿಮ್ಮ ಶಕ್ತಿಗೆ ನೀವು ಕೊಟ್ಟ ಬೆಲೆ.

ಮನೆಯಲ್ಲಿ ದುಡಿಯುವ ಅಣ್ಣನೊಬ್ಬ, ಯಾರೂ ಯಾವ ಜವಾಬ್ದಾರಿಯನ್ನೂ ಕೊಡದ ತಮ್ಮನೊಬ್ಬ ಇದ್ದ ಹಾಗೆ. ಅಣ್ಣ ಹಾಸಿಗೆ ಹಿಡಿದ ದಿನ ಬೀರುವಿನ ಕೀಲಿ ತಮ್ಮನ ಕೈಗೆ ಸಿಗುತ್ತದೆ. ಹುಮ್ಮಸ್ಸು ಬೇಕಾದಷ್ಟಿದೆ, ಅಭ್ಯಾಸ ಇಲ್ಲ.

ಈಗ ನಿಮ್ಮ ವಿಷಯ. ಐಎಸ್‌ಟಿಜೆಯಲ್ಲಿ ಡಾಮಿನೆಂಟ್ ಅಂದರೆ ಒಳಮುಖ ಸೆನ್ಸಿಂಗ್. ಕಂಡದ್ದನ್ನು ವಿವರವಾಗಿ ಒಳಗೆ ಇಟ್ಟುಕೊಂಡು, ಹೊಸದನ್ನು ಹಳೆಯದರ ಜೊತೆ ತಾಳೆ ನೋಡುವುದು. ಎರಡನೆಯದು ಹೊರಮುಖ, ಅಂದರೆ ಹೊರಗಿನ ಜಗತ್ತಿನ ಕಡೆ ತಿರುಗಿದ ಥಿಂಕಿಂಗ್, ಮೂರನೆಯದು ಫೀಲಿಂಗ್, ಕೊನೆಗೆ ಹೊರಮುಖ ಇಂಟ್ಯೂಷನ್. ಇಂಟ್ಯೂಷನ್ ಪಳಗಿದವರಿಗೆ ಒಂದು ವಿಷಯಕ್ಕೆ ಹತ್ತು ಸಾಧ್ಯತೆ ಕಾಣುತ್ತದೆ, ಅದರಲ್ಲಿ ಒಳ್ಳೆಯದೂ ಇರುತ್ತದೆ. ಅವರು ಯಾವುದನ್ನೂ ಗಟ್ಟಿಯಾಗಿ ಹಿಡಿದುಕೊಳ್ಳುವುದಿಲ್ಲ. ನಿಮಗೆ ಆ ರಾತ್ರಿ ಕಂಡಿದ್ದು ಒಂದೇ ಸಾಧ್ಯತೆ, ಅದೂ ಅತ್ಯಂತ ಕೆಟ್ಟದ್ದು, ಮತ್ತು ಅದು ಖಂಡಿತ ಆಗಿಯೇ ಆಗುತ್ತದೆ ಅನ್ನುವ ನಂಬಿಕೆ.

ಆ "ಖಂಡಿತ" ಎಲ್ಲಿಂದ ಬಂತು ನೋಡಿ. ಅದು ನಿಮ್ಮ ಸೆನ್ಸಿಂಗ್‌ನ ಸ್ವಭಾವ. ಕಣ್ಣಾರೆ ಕಂಡ ವೋಚರನ್ನು ನಂಬುವ ಹಾಗೆಯೇ ಆ ರಾತ್ರಿಯ ಕಲ್ಪನೆಯನ್ನೂ ನಂಬಿದಿರಿ. ಹಳೆಯ ನೆನಪುಗಳೂ ಸಾಕ್ಷಿಗೆ ಬಂದಿರುತ್ತವೆ. ಅವರ ಕೆಲಸ ಹೋಗಿತ್ತಲ್ಲ, ಇವರ ಮನೆ ಹರಾಜಿಗೆ ಬಂದಿತ್ತಲ್ಲ ಅಂತ. ಅಂದರೆ ಡಾಮಿನೆಂಟ್ ಪಕ್ಕಕ್ಕೆ ಸರಿದು ಸುಮ್ಮನೆ ಕೂರುವುದಿಲ್ಲ. ಇನ್‌ಫೀರಿಯರ್ ಕಟ್ಟಿದ ಕಥೆಗೆ ಪುರಾವೆ ಒದಗಿಸುತ್ತದೆ. ಜನ ಇದನ್ನು ಗಮನಿಸುವುದು ಕಡಿಮೆ.

ಅಮೆರಿಕದ ಮನಶ್ಶಾಸ್ತ್ರಜ್ಞೆ ನವೋಮಿ ಕ್ವೆಂಕ್ 1993ರ ತಮ್ಮ ಪುಸ್ತಕದಲ್ಲಿ ಈ ಸ್ಥಿತಿಯನ್ನೇ ವಿವರವಾಗಿ ಬರೆದರು. ಇನ್‌ಫೀರಿಯರ್ ನಮ್ಮನ್ನು ಹೀಗೆ ಹಿಡಿದುಕೊಳ್ಳುವುದಕ್ಕೆ "ಗ್ರಿಪ್" ಅಂತಾರೆ. ಆಯಾಸ, ಕಾಯಿಲೆ, ಒತ್ತಡ, ಕುಡಿತ ಇದಕ್ಕೆ ದಾರಿ ಮಾಡುತ್ತವೆ. ಅದಕ್ಕೂ ಮುಂಚೆ ಒಂದು ಸುಳಿವು ಸಿಗುತ್ತದೆ. ಡಾಮಿನೆಂಟ್ ಅತಿಯಾಗುತ್ತದೆ. ಒಂದೇ ಲೆಡ್ಜರನ್ನು ಮತ್ತೆ ಮತ್ತೆ ತೆಗೆದು ನೋಡುವುದು, ಇನ್ನೊಬ್ಬರು ಚೆಕ್ ಮಾಡಿದ್ದನ್ನು ನಂಬದೆ ಹೋಗುವುದು. ಮಾರ್ಚ್ 20ರ ಹೊತ್ತಿಗೆ ನಿಮಗೆ ಹಾಗೆ ಆಗಿತ್ತಾ?

ಅವರೇ: ಆಗಿತ್ತು ಮೇಡಂ. ಜೂನಿಯರ್ ಮಾಡಿದ ಶೀಟನ್ನೆಲ್ಲ ನಾನೇ ಮತ್ತೆ ಕೂಡಿಸುತ್ತಿದ್ದೆ, ಕ್ಯಾಲ್ಕುಲೇಟರ್ ಇಟ್ಟುಕೊಂಡು. ಎಕ್ಸೆಲ್ ಕೂಡಿಸಿದ್ದನ್ನು!

ಉತ್ತರ: ಅದೇ ಸರ್. ಆ ಕ್ಯಾಲ್ಕುಲೇಟರ್ ಹೊರಗೆ ಬಂದ ದಿನ ಬೇಗ ಮನೆಗೆ ಹೋಗಿ ಮಲಗಿ.

ಪ್ರಶ್ನೆ (ಸಾಫ್ಟ್‌ವೇರ್ ಕೆಲಸದಲ್ಲಿರುವ ಸದಸ್ಯರು):

ನಾನು ಐಎನ್‌ಟಿಪಿ. ಡಾಮಿನೆಂಟ್ ಒಳಮುಖ ಥಿಂಕಿಂಗ್, ಇನ್‌ಫೀರಿಯರ್ ಹೊರಮುಖ ಫೀಲಿಂಗ್ ಅಂತೆ. ಭಾವನೆ ಗೀವನೆ ನನಗೆ ಗೊತ್ತಾಗಲ್ಲ ಅಂತ ಎಲ್ಲರಿಗೂ ಹೇಳಿಕೊಂಡು ಓಡಾಡುವವನು. ಆದರೆ ಹೋದ ತಿಂಗಳು ಟೀಮಿನವರು ನನ್ನೊಬ್ಬನನ್ನು ಬಿಟ್ಟು ಊಟಕ್ಕೆ ಹೋದರು ಅಂತ ಗೊತ್ತಾದಾಗ ರೆಸ್ಟ್‌ರೂಮಿಗೆ ಹೋಗಿ ಅತ್ತೆ. ದುರ್ಬಲವಾದ ಫಂಕ್ಷನನ್ನು ದಿನಾ ಪ್ರಾಕ್ಟೀಸ್ ಮಾಡಿ ಬಲಪಡಿಸಿ ಅಂತ ಒಂದು ವಿಡಿಯೋದಲ್ಲಿ ನೋಡಿದೆ. ಅದು ಆಗುತ್ತಾ?

ಉತ್ತರ:

ಜಿಮ್ಮಿಗೆ ಹೋದ ಹಾಗೆ ಆಗುವುದಿಲ್ಲ. ಯುಂಗ್ ಅವರ ಜೊತೆ ಕೆಲಸ ಮಾಡಿದ ಮಾರಿ-ಲೂಯಿಸ್ ಫಾನ್ ಫ್ರಾನ್ಸ್ ಜ್ಯೂರಿಕ್‌ನಲ್ಲಿ ಇನ್‌ಫೀರಿಯರ್ ಫಂಕ್ಷನ್ ಬಗ್ಗೆಯೇ ಉಪನ್ಯಾಸ ಕೊಟ್ಟರು. 1971ರಲ್ಲಿ ಅವು ಪುಸ್ತಕವಾಗಿ ಬಂದವು. ಅವರು ಹೇಳುವ ಮೂರು ಗುಣ ನಿಮ್ಮ ಕಥೆಯಲ್ಲೇ ಇವೆ. ಒಂದು, ಇದು ನಿಧಾನ. ಬೇರೆಯವರಿಗೆ ತಕ್ಷಣ ಆಗುವ ನೋವು ನಿಮಗೆ ಎರಡು ದಿನ ಬಿಟ್ಟು ಗೊತ್ತಾಗುತ್ತದೆ. ಎರಡು, ಇದು ಮುಟ್ಟಿದರೆ ಮುನಿ. ನಿಮ್ಮ ಕೋಡಿನಲ್ಲಿ ತಪ್ಪು ಹುಡುಕಿದರೆ ನೀವು ಖುಷಿಯಾಗಿ ವಾದ ಮಾಡುತ್ತೀರಿ. "ನಿಮಗೆ ಜನ ಬೇಡ್ವಾ" ಅಂತ ಯಾರಾದರೂ ಅಂದರೆ ಮುಖ ಕೆಂಪಾಗುತ್ತದೆ. ಮೂರು, ಇದರಲ್ಲಿ ಜೀವ ಜಾಸ್ತಿ. ಡಾಮಿನೆಂಟ್ ಸವೆದು ಹೋಗಿ ಎಲ್ಲವೂ ಬೇಸರವಾದ ನಡುವಯಸ್ಸಿನಲ್ಲಿ ಹೊಸ ರುಚಿ ಹುಟ್ಟುವುದು ಇಲ್ಲಿಂದಲೇ.

ನಿಮ್ಮಂಥವರು ಮಾಡುವ ಒಂದು ಕೆಲಸದ ಬಗ್ಗೆ ಹುಷಾರಾಗಿರಿ. ಅತ್ತ ಮೇಲೆ "ನಾನು ಯಾಕೆ ಅತ್ತೆ" ಅಂತ ಥಿಯರಿ ಕಟ್ಟುವುದು. ಆಗ ಫೀಲಿಂಗ್ ಜಾಗಕ್ಕೆ ಮತ್ತೆ ಥಿಂಕಿಂಗ್ ಬಂದು ಕೂರುತ್ತದೆ, ನಿಮಗೆ ಮಾತ್ರ ಫೀಲಿಂಗ್ ಬೆಳೀತಿದೆ ಅನ್ನಿಸುತ್ತದೆ. ಅದರ ಬದಲು ಟೀಮಿನಲ್ಲಿ ನಿಮಗೆ ಹತ್ತಿರವಾದ ಒಬ್ಬರಿಗೆ "ಅವತ್ತು ಕರೀಲಿಲ್ಲ, ಬೇಜಾರಾಯ್ತು" ಅಂತ ಒಂದೇ ಸಾಲು ಹೇಳಿ. ವಿವರಣೆ ಬೇಡ. ಮಾತು ತೊದಲುತ್ತದೆ. ತೊದಲಲಿ.

ಧೈರ್ಯಕ್ಕೆ ಬೇಕಿದ್ದರೆ ಕೇಳಿ. 1959ರಲ್ಲಿ ಬಿಬಿಸಿಯ ಜಾನ್ ಫ್ರೀಮನ್ "ನಿಮ್ಮದು ಯಾವ ಟೈಪ್" ಅಂತ ಕೇಳಿದಾಗ, ತಾನು ಥಿಂಕಿಂಗ್ ಮನುಷ್ಯ, ಇಂಟ್ಯೂಷನ್ನೂ ಬಹಳ, ಆದರೆ ಫೀಲಿಂಗ್ ತನಗೆ ಕಷ್ಟವೇ ಅಂತ ಯುಂಗ್ ಒಪ್ಪಿಕೊಂಡರು. ಆಗ ಅವರಿಗೆ ಎಂಬತ್ತು ದಾಟಿತ್ತು.

ಪ್ರಶ್ನೆ (ಇಬ್ಬರು ಮಕ್ಕಳ ತಾಯಿ):

ಮೊದಲು ಕೇಳಿದ ಸರ್ ಥರಾನೇ ನಮ್ಮೆಜಮಾನರು. ನಾನು ಇಎನ್‌ಎಫ್‌ಪಿ, ಪೂರ್ತಿ ಉಲ್ಟಾ. ಮದುವೆಯಾದ ಹೊಸದರಲ್ಲಿ ಅವರ ಶಿಸ್ತು ನೋಡಿ ಮರುಳಾಗಿದ್ದೆ. ಈಗ ಅದೇ ಶಿಸ್ತು ನೋಡಿದರೆ ಮೈ ಉರಿಯುತ್ತೆ. ಗ್ಯಾಸ್ ಬುಕ್ ಮಾಡಿದ ತಾರೀಖು ಕ್ಯಾಲೆಂಡರಿನಲ್ಲಿ ಬರೆದಿಲ್ಲ ಅಂತ ಇವತ್ತು ಜಗಳ.

ಉತ್ತರ:

ನಿಮ್ಮ ಡಾಮಿನೆಂಟ್ ಅವರ ಇನ್‌ಫೀರಿಯರ್. ಅವರ ಡಾಮಿನೆಂಟ್ ನಿಮ್ಮ ಇನ್‌ಫೀರಿಯರ್. ನಮ್ಮಲ್ಲಿ ಬೆಳೆಯದೆ ಉಳಿದದ್ದು ಇನ್ನೊಬ್ಬರಲ್ಲಿ ಸಲೀಸಾಗಿ ನಡೆಯುವುದನ್ನು ಕಂಡರೆ ಸೆಳೆತ ಆಗುತ್ತದೆ. ಆಮೇಲೆ ಆ ಕೆಲಸವನ್ನು ಪೂರ್ತಿ ಅವರಿಗೇ ಗುತ್ತಿಗೆ ಕೊಟ್ಟುಬಿಡುತ್ತೇವೆ. ಕ್ಯಾಲೆಂಡರ್ ಅವರದು, ಹೊಸ ಐಡಿಯಾ ನಿಮ್ಮದು. ಗುತ್ತಿಗೆ ಕೊಟ್ಟ ಕಡೆ ನಮ್ಮದು ಇನ್ನೂ ಬೆಳೆಯುವುದಿಲ್ಲ. ಆ ಜಾಗ ಮುಟ್ಟಿದಾಗೆಲ್ಲ ಅವಮಾನ ಆದ ಹಾಗೆ ಅನ್ನಿಸುತ್ತದೆ.

ನಿಮ್ಮ ಗ್ರಿಪ್ ಅವರದರ ಹಾಗಿರುವುದಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ತೀರಾ ದಣಿದಾಗ ಇಎನ್‌ಎಫ್‌ಪಿಗಳು ಒಂದು ಸಣ್ಣ ವಿವರಕ್ಕೆ ಅಂಟಿಕೊಳ್ಳುತ್ತಾರೆ. ಮೈಯಲ್ಲಿ ಎಲ್ಲೋ ಒಂದು ನೋವು, ಅದು ದೊಡ್ಡ ಕಾಯಿಲೆಯೇ ಅಂತ ಗೂಗಲ್ ಮಾಡುತ್ತಾ ಕೂರುವುದು. ಮನೆಯಲ್ಲಿ ಎಲ್ಲ ಬಿಟ್ಟು ಮಸಾಲೆ ಡಬ್ಬಿ ಜೋಡಿಸಲು ಶುರು ಮಾಡುವುದು. ಆಗ ನಿಮ್ಮವರು "ಅಬ್ಬಾ, ಕೊನೆಗೂ ಬುದ್ಧಿ ಬಂತು" ಅಂದುಕೊಂಡರೆ ಕೆಟ್ಟಿತು.

ಪ್ರಶ್ನೆ (ಮನಶ್ಶಾಸ್ತ್ರ ಎಂ.ಎಸ್ಸಿ. ವಿದ್ಯಾರ್ಥಿ):

ಮೇಡಂ, ಕ್ಷಮಿಸಿ. ಇದು ಜಾತಕ ನೋಡೋದಕ್ಕಿಂತ ಹೇಗೆ ಬೇರೆ? ನಮ್ಮ ಕ್ಲಾಸಿನಲ್ಲಿ ವ್ಯಕ್ತಿತ್ವವನ್ನು ಐದು ಗುಣಗಳಲ್ಲಿ ಅಳೆಯುವ ಬಿಗ್ ಫೈವ್ ಮಾತ್ರ ಕಲಿಸುತ್ತಾರೆ.

ಉತ್ತರ:

ಕ್ಷಮೆ ಯಾಕಪ್ಪಾ, ಕೇಳಲೇಬೇಕಾದ ಪ್ರಶ್ನೆ ಇದು.

ಎಂಬಿಟಿಐ ರೂಪಿಸಿದ ಕ್ಯಾಥರೀನ್ ಬ್ರಿಗ್ಸ್ ಮತ್ತು ಮಗಳು ಇಸಬೆಲ್ ಬ್ರಿಗ್ಸ್ ಮೈಯರ್ಸ್ ಮನಶ್ಶಾಸ್ತ್ರದ ತರಬೇತಿ ಪಡೆದವರಲ್ಲ. ಅವರ ಪ್ರಶ್ನಾವಳಿ ನಾಲ್ಕು ಅಕ್ಷರ ಕೊಡುತ್ತದೆ, ಅಷ್ಟೇ. ಡಾಮಿನೆಂಟ್, ಇನ್‌ಫೀರಿಯರ್ ಅನ್ನೋದನ್ನು ಅದು ಅಳೆಯುವುದೇ ಇಲ್ಲ. ಅಕ್ಷರಗಳಿಂದ ಒಂದು ನಿಯಮದ ಮೂಲಕ ಅದನ್ನು ತೆಗೆಯುತ್ತಾರೆ. ಆ ನಿಯಮದ ಬಗ್ಗೆ ಯುಂಗ್ ಓದಿದವರಲ್ಲೇ ಜಗಳ ಇದೆ. ಹೆಚ್ಚಿನ ಜನರ ಅಂಕ ಎರಡು ತುದಿಗಳಲ್ಲಿ ಇರದೆ ನಡುವೆ ಬರುತ್ತದೆ. ಕೆಲವು ವಾರ ಬಿಟ್ಟು ಮತ್ತೆ ಬರೆದರೆ ಬಹಳ ಜನಕ್ಕೆ ಒಂದಾದರೂ ಅಕ್ಷರ ಬದಲಾಗುತ್ತದೆ. 1989ರಲ್ಲಿ ಮನಶ್ಶಾಸ್ತ್ರಜ್ಞರಾದ ಮೆಕ್‌ಕ್ರೇ ಮತ್ತು ಕೋಸ್ಟಾ ಇದನ್ನು ಬಿಗ್ ಫೈವ್ ಜೊತೆ ಹೋಲಿಸಿದಾಗ, ನಾಲ್ಕು ಮಾಪಕಗಳು ಅದರ ನಾಲ್ಕು ಗುಣಗಳಿಗೆ ಹೊಂದಿಕೊಂಡವು. ಬಿಟ್ಟುಹೋಗಿದ್ದು ಐದನೆಯದು, ನ್ಯೂರೊಟಿಸಿಸಂ, ಅಂದರೆ ಬೇಗ ಆತಂಕಕ್ಕೆ ಒಳಗಾಗುವ ಗುಣ. ಅಂದರೆ ನಮ್ಮ ಅಕೌಂಟ್ಸ್ ಸರ್ ರಾತ್ರಿ ಎರಡಕ್ಕೆ ಎದ್ದು ಕೂತರಲ್ಲ, ಅದನ್ನು ಅಳೆಯುವ ಮಾಪಕವೇ ಎಂಬಿಟಿಐನಲ್ಲಿಲ್ಲ. ಆತಂಕ ಎಷ್ಟಿದೆ ಅಂತ ತಿಳಿಯಬೇಕಿದ್ದರೆ ನಿಮ್ಮ ಬಿಗ್ ಫೈವೇ ಸರಿ.

ಹಾಗಿದ್ದೂ ನಾನು ಯಾಕೆ ಬಳಸುತ್ತೇನೆ? ಆತಂಕ ಎಷ್ಟು ಅನ್ನೋದು ಗೊತ್ತಾದರೂ ಅದು ಯಾವ ರೂಪದಲ್ಲಿ ಬರುತ್ತದೆ ಅಂತ ಮಾತಾಡಲು ಜನಕ್ಕೆ ಒಂದು ಭಾಷೆ ಬೇಕು. "ನಾನು ಹುಚ್ಚನಾಗ್ತಿದ್ದೀನಾ" ಅಂತ ಬಂದವರು "ಓ, ನನ್ನ ಬಳಸದ ಬದಿ ಹೊರಗೆ ಬಂದಿದೆ" ಅಂದಾಗ ಹೆಗಲು ಇಳಿಯುವುದನ್ನು ನೋಡಿದ್ದೇನೆ. ಅದಕ್ಕೆ ಮಾತ್ರ. ನೌಕರಿಗೆ ಆಯ್ಕೆ ಮಾಡಲು, ಹುಡುಗ ಹುಡುಗಿ ಹೊಂದಿಸಲು ಯಾರಾದರೂ ಇದನ್ನು ಬಳಸಿದರೆ ಎದ್ದು ಬನ್ನಿ. ಜನರಿಗೆ ಹೀಗೆ ಪಟ್ಟಿ ಅಂಟಿಸುವುದು ಮಕ್ಕಳಾಟ ಅಂತ 1934ರಲ್ಲೇ ಯುಂಗ್ ಬರೆದಿದ್ದರು.

   

ಪ್ರಶ್ನೆ (ಅಕೌಂಟ್ಸ್ ಸರ್ ಮತ್ತೆ):

ಎಲ್ಲ ಓದಿದೆ ಮೇಡಂ. ಮುಂದಿನ ಮಾರ್ಚ್‌ಗೆ ನಾನು ಏನು ಮಾಡಲಿ, ಅದನ್ನು ಹೇಳಿ. ಹೆಂಡತಿ ಏನು ಮಾಡಬೇಕು?

ಉತ್ತರ:

ಹೆಂಡತಿಯವರಿಗೆ ಮೊದಲು. "ಸುಮ್ನೆ ಏನೇನೋ ಯೋಚಿಸಬೇಡಿ" ಅನ್ನುವುದು ಬೇಡ. ಆ ಹೊತ್ತಿನಲ್ಲಿ ವಾದ ಮಾಡಿದರೆ ನೀವು ಇನ್ನಷ್ಟು ಪುರಾವೆ ತರುತ್ತೀರಿ. ತಮಾಷೆಯೂ ಬೇಡ. "ಬೆಳಿಗ್ಗೆ ಒಟ್ಟಿಗೆ ನೋಡೋಣ" ಅಂದರೆ ಸಾಕು.

ನೀವು ಆ ರಾತ್ರಿ ಒಂದು ಹಾಳೆ ತಗೊಂಡು ಎರಡು ಸಾಲು ಬರೆಯಿರಿ: ಈಗ ಗೊತ್ತಿರುವುದು ಏನು, ಬೆಳಿಗ್ಗೆ ಮೊದಲು ಮಾಡಬೇಕಾದ್ದು ಏನು. ಇದು ನಿಮ್ಮ ಎರಡನೇ ಫಂಕ್ಷನ್, ಥಿಂಕಿಂಗ್. ನೇರವಾಗಿ ಇಂಟ್ಯೂಷನ್ ಜೊತೆ ಗುದ್ದಾಡುವುದಕ್ಕಿಂತ ಈ ದಾರಿ ಸುಲಭ. "ಗೊತ್ತಿರುವುದು: 354 ವ್ಯತ್ಯಾಸ. ಬೆಳಿಗ್ಗೆ: ಸ್ಟೇಟ್‌ಮೆಂಟಿನ ಚಾರ್ಜುಗಳನ್ನು ನೋಡುವುದು." ಬರೆದು ಮಲಗಿ.

ಇಂಟ್ಯೂಷನ್ನಿಗೆ ಕೆಲಸ ಕೊಡಬೇಕಾದ್ದು ಮಾರ್ಚ್‌ನಲ್ಲಿ ಅಲ್ಲ, ಜೂನ್‌ನಲ್ಲಿ. ಸೋತರೂ ನಷ್ಟವಿಲ್ಲದ ಕಡೆ. ಭಾನುವಾರ ಮಗಳ ಜೊತೆ ಎಲ್ಲಿಗೆ ಅಂತ ಮೊದಲೇ ಗೊತ್ತುಮಾಡದೆ ಬಸ್ ಹತ್ತಿ. ಅವಳು ಅರ್ಧ ಹೇಳಿದ ಕಥೆಗೆ ನೀವು ಕೊನೆ ಸೇರಿಸಿ, ಒಂದಲ್ಲ, ನಾಲ್ಕು ಥರ. ಮೊದಮೊದಲು ಪೆದ್ದು ಪೆದ್ದಾಗಿ ಇರುತ್ತದೆ, ಅವಳು ನಗುತ್ತಾಳೆ.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಮಾರ್ಚ್ ಮುಗಿದ ಮೇಲೂ ಎರಡು ವಾರ ನಿದ್ದೆ ಸರಿಹೋಗದಿದ್ದರೆ, ಎದೆ ಹೊಡೆದುಕೊಳ್ಳುತ್ತಿದ್ದರೆ, ಊಟ ಸೇರದಿದ್ದರೆ ಫಂಕ್ಷನ್ ಗಿಂಕ್ಷನ್ ಎಲ್ಲ ಪಕ್ಕಕ್ಕಿಟ್ಟು ಮನೋವೈದ್ಯರನ್ನು ನೋಡಿ. ಆಗಲೇ ಹೋಗಲು ಮುಜುಗರ ಅನ್ನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಅವರೇ: ಸರಿ ಮೇಡಂ. ಬಸ್ಸಿನ ವಿಷಯ ಮಗಳಿಗೆ ಹೇಳಿದೆ. ಯಾವ ಬಸ್, ಎಷ್ಟೊತ್ತಿಗೆ ಅಂತ ನಾನೇ ಆಪ್‌ನಲ್ಲಿ ನೋಡುತ್ತಿದ್ದೆ, ಫೋನ್ ಕಿತ್ತುಕೊಂಡಳು.