ರಾತ್ರಿ ಶಟಲ್ ಆಡಿದ ದಿನ ನಿದ್ದೆನೇ ಬರಲ್ಲ, ನಿಮಗೂ ಹೀಗಾಗುತ್ತಾ?

ಕೋಡಿಬಾಗದವ:
ಕಾರವಾರದಲ್ಲಿದ್ದೇನೆ, ವಯಸ್ಸು 34. ಬೇಸಿಗೆಯಲ್ಲಿ ಬೆಳಿಗ್ಗೆ ಟ್ಯಾಗೋರ್ ಬೀಚಿನಲ್ಲಿ ಓಡುತ್ತಿದ್ದೆ, ರಾತ್ರಿ ಹತ್ತಕ್ಕೆ ಕಣ್ಣು ತಾನಾಗಿ ಮುಚ್ಚುತ್ತಿತ್ತು. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಓಟ ನಿಂತುಹೋಯಿತು. ಈಗ ವಾರಕ್ಕೆ ಮೂರು ದಿನ ರಾತ್ರಿ ಒಂಬತ್ತರಿಂದ ಹತ್ತರವರೆಗೆ ಶಟಲ್. ಮನೆಗೆ ಬಂದು ಸ್ನಾನ, ಮೀನು ಸಾರು ಅನ್ನ ಉಂಡು ಹನ್ನೊಂದಕ್ಕೆ ಮಲಗಿದರೆ ದಿಂಬಿಗೆ ಕಿವಿ ಇಟ್ಟಾಗ ಎದೆ ಡವಡವ ಅನ್ನೋದು ಕೇಳಿಸುತ್ತದೆ. ಮೈ ಸುಸ್ತು, ತಲೆ ಮಾತ್ರ ಎಚ್ಚರ. ಒಂದು ಗಂಟೆವರೆಗೂ ಹೊರಳಾಟ. ಆಟ ಇಲ್ಲದ ದಿನ ಹೀಗಾಗಲ್ಲ. ಆಟ ಬಿಟ್ಟುಬಿಡಬೇಕಾ? ಮನಸ್ಸಿಲ್ಲ.

ಶಿರಸಿ ಅಕ್ಕ:
ದಯವಿಟ್ಟು ಬಿಡಬೇಡಿ. ಸಮಸ್ಯೆ ಆಟದ್ದಲ್ಲ, ಹೊತ್ತಿನದ್ದು. ಮಲಗುವ ಹೊತ್ತಿಗೆ ಮೈಯೊಳಗಿನ ಬಿಸಿ ನಿಧಾನಕ್ಕೆ ಇಳಿಯಬೇಕು, ಆಗಲೇ ನಿದ್ದೆ ಹತ್ತೋದು. ನೀವು ಹತ್ತಕ್ಕೆ ಆಟ ನಿಲ್ಲಿಸಿ ಹನ್ನೊಂದಕ್ಕೆ ಮಲಗಿದರೆ ಬಿಸಿಯೂ ಇಳಿದಿಲ್ಲ, ಎದೆಬಡಿತವೂ ತಗ್ಗಿಲ್ಲ, ಮೇಲಿಂದ ಹೊಟ್ಟೆ ತುಂಬ ಊಟ. ಸ್ವಿಟ್ಜರ್‌ಲೆಂಡಿನ ಜ್ಯೂರಿಚ್‌ನ ಈಟಿಎಚ್ ವಿಶ್ವವಿದ್ಯಾಲಯದ ಸಂಶೋಧಕರು 23 ಅಧ್ಯಯನಗಳನ್ನು ಒಟ್ಟಿಗೆ ನೋಡಿ 2018ರಲ್ಲಿ ಹೇಳಿದ್ದೂ ಹೆಚ್ಚುಕಡಿಮೆ ಇದೇ. ಸಂಜೆ ವ್ಯಾಯಾಮದಿಂದ ನಿದ್ದೆ ಕೆಡುವುದಿಲ್ಲ, ಗಾಢ ನಿದ್ದೆ ಸ್ವಲ್ಪ ಜಾಸ್ತಿಯೇ ಆಗುತ್ತದೆ. ಆದರೆ ಏದುಸಿರು ಬರುವಂಥ ವ್ಯಾಯಾಮ ಮುಗಿದ ಒಂದು ಗಂಟೆಯೊಳಗೆ ಮಲಗಿದರೆ ನಿದ್ದೆ ಹತ್ತೋದು ತಡ.
ಇನ್ನೊಂದು, ಆಟಕ್ಕೆ ಮುಂಚೆ ಚಹಾ ಕುಡೀತೀರಾ? ಕುಡಿದ ಕೆಫೀನಿನಲ್ಲಿ ಅರ್ಧ ಇಳಿಯೋಕೇ ಸುಮಾರು ಐದು ಗಂಟೆ ಬೇಕು. ನಮ್ಮ ಕಡೆ ಕೊತ್ತಂಬರಿ, ಜೀರಿಗೆ ಹುರಿದು ಪುಡಿ ಮಾಡಿ ಹಾಲು ಬೆಲ್ಲ ಹಾಕಿ ಕಷಾಯ ಕುದಿಸುತ್ತೇವಲ್ಲ, ಸಂಜೆ ಅದನ್ನೇ ಕುಡಿಯಿರಿ.

ಕುಮಟಾ ಓಟಗಾರ:
ಎಲ್ಲರಿಗೂ ಒಂದೇ ತರ ಆಗಲ್ಲ. ನನ್ನ ಗೆಳೆಯ ಹತ್ತೂವರೆಗೆ ಜಿಮ್‌ನಿಂದ ಬಂದು ಹನ್ನೊಂದೂವರೆಗೆ ಗೊರಕೆ ಹೊಡೆಯುತ್ತಾನೆ, ನನಗೆ ಎಂಟರ ನಂತರ ಓಡಿದರೆ ಆ ರಾತ್ರಿ ಹೋಯಿತು ಅಂತಲೇ. ಅದಕ್ಕೆ ಬೆಳಿಗ್ಗೆ ಆರೂವರೆಗೆ ಹೊರಡುತ್ತೇನೆ. ಬೆಳಗಿನ ಬೆಳಕು ಕಣ್ಣಿಗೆ ಬಿದ್ದರೆ ದೇಹದ ಗಡಿಯಾರ ಮುಂದಕ್ಕೆ ಬರುತ್ತದೆ, ರಾತ್ರಿ ಬೇಗ ನಿದ್ದೆ ಬರುತ್ತದೆ. ನಿಮಗೆ ಬೇಸಿಗೆಯಲ್ಲಿ ಹತ್ತಕ್ಕೇ ನಿದ್ದೆ ಬರುತ್ತಿದ್ದುದಕ್ಕೆ ಓಟದ ಜೊತೆ ಆ ಬೆಳಕೂ ಕಾರಣ ಇರಬಹುದು, ಅಲ್ವಾ? ಮಳೆ ಬಿಟ್ಟ ಬೆಳಿಗ್ಗೆ ಸುಮ್ನೆ ಹತ್ತು ನಿಮಿಷ ಅಂಗಳದಲ್ಲಾದರೂ ನಿಲ್ಲಿ.

ಕೋಡಿಬಾಗದವ:
ಅಕ್ಕಾ, ಹೌದು, ಏಳೂವರೆಗೆ ಒಂದು ಲೋಟ ಗಟ್ಟಿ ಚಹಾ ಕುಡಿದೇ ಹೋಗುತ್ತಿದ್ದೆ! ಇದು ಹೊಳೆದೇ ಇರಲಿಲ್ಲ. ಏಳೂವರೆಯ ಬ್ಯಾಚಿನಲ್ಲಿ ಜಾಗ ಕೇಳಿದ್ದೇನೆ, ಸೋಮವಾರದಿಂದ ಸಿಗುತ್ತದಂತೆ. ಊಟ ಆಟಕ್ಕೆ ಮುಂಚೆ ಬೇಡ ಅಲ್ವಾ, ಬಾಳೆಹಣ್ಣು ಸಾಕಾ?

ಶಿರಸಿ ಅಕ್ಕ:
ಬಾಳೆಹಣ್ಣು ಸಾಕು. ಆಟ ಮುಗಿಸಿ ಒಂಬತ್ತಕ್ಕೆ ಹಗುರಾಗಿ ಉಣ್ಣಿ. ಎರಡು ವಾರ ನೋಡಿ ಇಲ್ಲೇ ಬರೆಯಿರಿ.